ಹಿಂದಿನ ಮನೆಯ ನೋಟೀಸು

ನಾನು ಬೆಳೆದ ಮನೆಗಳಲ್ಲಿ ಒಂದೂ ನಮ್ಮದಲ್ಲ. ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ವರ್ಗವಾದ ಕಡೆಗೆಲ್ಲ ನಮ್ಮ ಪಾತ್ರೆ, ಹಾಸಿಗೆ ಸುರುಳಿ, ಅವ್ವನ ಒರಳುಕಲ್ಲು ಅವನ ಹಿಂದೆಯೇ ಹೋಗುತ್ತಿದ್ದವು. ನಾನು ಈಗಲೂ ಬಾಡಿಗೆ ಮನೆಯಲ್ಲೇ ಇದ್ದೇನೆ, ಶ್ರೀರಂಗಪಟ್ಟಣದಲ್ಲಿ. ಕಳೆದ ತಿಂಗಳು ಮನೆಯ ಯಜಮಾನ, ನನ್ನ ಮಗನ ವಯಸ್ಸಿನ ಹುಡುಗ, ಮೊಬೈಲಿಗೆ ಒಂದು ಸಾಲು ಕಳಿಸಿದ. ಆಂಟಿ, ಮನೆ ಬೇಕಾಗಿದೆ, ಬೇಗ ಖಾಲಿ ಮಾಡಿ. ಬರೆದು ಕೊಡಪ್ಪ ಅಂದೆ. ಬರೆದೇ ಇದೀನಲ್ಲ ಆಂಟಿ ಅಂದ. ತಾರೀಕು ಹಾಕಿ, ಕಾರಣ ತೋರಿಸಿ, ಸಹಿ ಮಾಡಿ ಕೊಡು ಅಂದಾಗ ಅವನ ಮುಖ ಸಣ್ಣದಾಯಿತು. ಪಾಪ, ಎರಡು ದಿನ ಬಿಟ್ಟು ಅಚ್ಚುಕಟ್ಟಾಗಿ ಬರೆಸಿಕೊಂಡು ಬಂದು ಕೊಟ್ಟ. ಈಗ ನನ್ನ ಸುತ್ತ ರಟ್ಟಿನ ಡಬ್ಬಗಳಿವೆ. ಸಾಮಾನು ಕಟ್ಟುವುದು ಬಿಚ್ಚುವುದು ಈ ವಯಸ್ಸಿನಲ್ಲಿ ಸೊಂಟಕ್ಕೆ ಒಗ್ಗುವುದಿಲ್ಲ. ಆದರೆ ಆ ಹುಡುಗನನ್ನು ಹಾಗೆ ಕೇಳಿದ ಮಾತು ನನ್ನದಲ್ಲ. ಅದು ನಾಗಮಂಗಲದಲ್ಲಿ ನಮ್ಮ ಅವ್ವ ಕೇಳಿದ ಮಾತು.

ಅವ್ವ ಕ್ಯಾತನಹಳ್ಳಿಯವಳು. ಏಳನೇ ಕ್ಲಾಸು ಓದಿದ್ದಳು. ಕಬ್ಬಿನ ಗದ್ದೆಯ ನಡುವೆ ಸ್ವಂತ ಮನೆಯಲ್ಲಿ ಹುಟ್ಟಿ, ಮದುವೆಯಾದ ಮೇಲೆ ಪರರ ಗೋಡೆಗೆ ಮೊಳೆ ಹೊಡೆಯಲು ಅಪ್ಪಣೆ ಕೇಳಬೇಕಾಗಿ ಬಂದದ್ದು ಅವಳಿಗೆ ಕೊನೆಯವರೆಗೂ ಸರಿಹೋಗಲಿಲ್ಲ. ಕೆ.ಆರ್. ಪೇಟೆಯಲ್ಲಿ ಒಂದು ದಿನ ನಾನು ಸ್ಕೂಲಿಂದ ಬಂದಾಗ ನಮ್ಮ ಸಾಮಾನೆಲ್ಲ ಗಲ್ಲಿಯಲ್ಲಿತ್ತು. ದೇವರ ಪಟಗಳನ್ನು ಮಂಚಕ್ಕೆ ಒರಗಿಸಿ ಇಟ್ಟಿದ್ದರು. ಅವ್ವ ಒರಳುಕಲ್ಲಿನ ಮೇಲೆ ಕೂತು, ದೋಸೆ ಹಿಟ್ಟಿನ ಪಾತ್ರೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮನೆಯ ಯಜಮಾನ ಅಪ್ಪನಿಗೆ ಸಂತೆಯಲ್ಲಿ ಸಿಕ್ಕಾಗ ಮನೆ ಬಿಡಲು ಹೇಳಿದ್ದನಂತೆ. ಹಬ್ಬ ಕಳೆಯಲಿ ಎಂದು ಹೇಳಿದ್ದನೆಂದು ಅಪ್ಪ, ಹಬ್ಬದೊಳಗೆ ಎಂದು ಹೇಳಿದ್ದೆನೆಂದು ಅವನು. ಇಬ್ಬರೂ ಸುಳ್ಳು ಹೇಳುವವರಲ್ಲ. ಸಂತೆಯ ಗದ್ದಲದಲ್ಲಿ ಒಬ್ಬ ಹೇಳಿದ್ದು, ಇನ್ನೊಬ್ಬ ಕೇಳಿಸಿಕೊಂಡದ್ದು ಅಷ್ಟೇ. ಅಪ್ಪ ಅದನ್ನು ಮನೆಯಲ್ಲಿ ಹೇಳಲೂ ಇಲ್ಲ. ಹೇಳಿದರೆ ಅವ್ವ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಮುಂದೂಡುವುದು ಅವನ ಅಭ್ಯಾಸ. ಅವತ್ತು ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಗಲ್ಲಿಯಲ್ಲಿ ಓಡಾಡುವವರೆಲ್ಲ ನಮ್ಮ ಹಾಸಿಗೆಯ ಕಲೆ ನೋಡಿಕೊಂಡು ಹೋಗುತ್ತಿದ್ದರು, ಅವಳು ಅದರ ಮೇಲೆ ಒಂದು ಸೀರೆ ಹೊದಿಸಿದಳು.

ನಾಗಮಂಗಲದ ಮನೆ ನಮಗೆ ಸಿಕ್ಕಿದ್ದು ಅದಾದ ಮೇಲೆ. ಒಂದೇ ಉದ್ದನೆಯ ಹೆಂಚಿನ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು. ಬೀದಿ ಕಡೆಯ ಭಾಗದಲ್ಲಿ ಮನೆಯ ಒಡತಿ ನಿಂಗಮ್ಮ, ಹಿತ್ತಲ ಕಡೆಯದರಲ್ಲಿ ನಾವು. ನಮ್ಮದನ್ನು ಎಲ್ಲರೂ ಹಿಂದಿನ ಮನೆ ಎನ್ನುತ್ತಿದ್ದರು. ಒಂದು ಹಜಾರ, ಒಂದು ಅಡುಗೆಮನೆ, ಕತ್ತಲೆಯ ಒಂದು ಕೋಣೆ. ಬಚ್ಚಲು, ಒಗೆಯುವ ಕಲ್ಲು, ನಲ್ಲಿ ಇಬ್ಬರಿಗೂ ಸೇರಿದ್ದು. ನಡುವಿನ ಗೋಡೆ ಸೂರಿನವರೆಗೆ ಹೋಗಿರಲಿಲ್ಲ. ಅಲ್ಲಿ ಸಾಸಿವೆ ಸಿಡಿದರೆ ಇಲ್ಲಿ ಘಮ್ಮೆನ್ನುತ್ತಿತ್ತು, ಇಲ್ಲಿ ಅಪ್ಪ ಕೆಮ್ಮಿದರೆ ಅಲ್ಲಿಂದ ನಿಂಗಮ್ಮ ಶುಂಠಿ ಕಷಾಯ ಕುಡಿಯಿರಿ ಎನ್ನುತ್ತಿದ್ದಳು. ಗಂಡನಿಲ್ಲದ ಹೆಂಗಸು. ಮನೆ ಅವಳ ತಂದೆಯಿಂದ ಅವಳಿಗೆ ಬಂದದ್ದು, ಊರಾಚೆ ರಾಗಿ ಹೊಲವೂ ತೆಂಗಿನ ಮರಗಳೂ ಇದ್ದವು. ಮಗ ಪುಟ್ಟರಾಜು ಮದುವೆಯಾದ ಮೇಲೆ ಹೆಂಡತಿಯ ಊರು ಕಿರಂಗೂರಿಗೆ ಹೋಗಿ, ಮಾವನ ಗದ್ದೆ ನೋಡಿಕೊಂಡು ಅಲ್ಲೇ ಉಳಿದಿದ್ದ. ಮಗಳು ಜಯಮ್ಮನನ್ನು ಕೆ.ಆರ್. ಪೇಟೆ ಕಡೆ ಕೊಟ್ಟಿದ್ದರು. ಹೀಗಾಗಿ ನಿಂಗಮ್ಮನಿಗೆ ಮಾತಾಡಲು ಇದ್ದವಳು ಅವ್ವ ಒಬ್ಬಳೇ. ಉಪ್ಸಾರು ಮಾಡಿದ ದಿನ ಅವಳ ಖಾರ ನಮ್ಮ ಮುದ್ದೆಗೆ, ನಮ್ಮ ಸೊಪ್ಪಿನ ಪಲ್ಯ ಅವಳ ತಟ್ಟೆಗೆ. ಅವಳಿಗೆ ಓದು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು, ಔಷಧಿ ಚೀಟಿ, ಮದುವೆಯ ಕಾಗದ ಎಲ್ಲವನ್ನೂ ನನ್ನ ಹತ್ತಿರ ಓದಿಸಿಕೊಳ್ಳುತ್ತಿದ್ದಳು. ನಾನು ಆಗ ಹೈಸ್ಕೂಲಿನಲ್ಲಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸಾವಿತ್ರಕ್ಕ ಚೊಚ್ಚಲ ಹೆರಿಗೆಗೆ ಬಂದಳು. ಅವಳು ಬಂದ ಸ್ವಲ್ಪ ದಿನಕ್ಕೇ ಮುಂದಿನ ಮನೆಗೆ ಜಯಮ್ಮ ಬಂದಳು, ಎರಡು ಮಕ್ಕಳನ್ನು ಕರೆದುಕೊಂಡು, ಒಂದು ಟ್ರಂಕು ಹೊತ್ತುಕೊಂಡು. ಯಾಕೆ ಬಂದಳೆಂದು ಯಾರೂ ಕೇಳಲಿಲ್ಲ. ಅವಳ ಎಡಗಿವಿಯಲ್ಲಿ ಹತ್ತಿ ಇತ್ತು. ಮಾತಾಡಿಸಿದರೆ ಬಲಗಿವಿಯನ್ನು ತಿರುಗಿಸಿ ಕೇಳುತ್ತಿದ್ದಳು. ಗೋಡೆಯ ಆಚೆ ಮಕ್ಕಳು ಜಾಗಕ್ಕೆ ಜಗಳವಾಡುವುದು, ನಿಂಗಮ್ಮ ಗದರಿಸುವುದು, ಜಯಮ್ಮ ಏನೂ ಆಡದೆ ಇರುವುದು, ಎಲ್ಲ ನಮಗೆ ಕೇಳುತ್ತಿತ್ತು. ಗೋಡೆಯ ಈಚೆ ಅಕ್ಕ ಮಗ್ಗುಲು ಬದಲಿಸಲಾರದೆ ನರಳುವುದು ಅವರಿಗೂ ಕೇಳಿಸುತ್ತಿದ್ದಿರಬೇಕು.

ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ನಿಂಗಮ್ಮ ಅವ್ವನನ್ನು ಕೇಳಿದಳು.

“ಗೌರವ್ವ, ಮನೆ ಎಲ್ಲಾದ್ರೂ ನೋಡುದ್ರಾ?”

“ಯಾವ ಮನೆ?”

“ಡಾಕ್ಟ್ರು ಏಳ್ಲಿಲ್ವಾ? ವಾರದಿಂದ್ಲೇ ಅವ್ರಿಗೆ ಏಳಿವ್ನಿ. ಜಯ ಬಂದವ್ಳಲ್ಲ, ನಮ್ಗೆ ಹಿಂದ್ಲ ಮನೆ ಬೇಕು ಅಂತ. ಆಯ್ತು ಬುಡಿ ಅಂದ್ರು.”

ಊರಿನವರು ಕಾಂಪೌಂಡರನ್ನೂ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಅವ್ವ ಬಟ್ಟೆಯನ್ನು ಹಿಂಡದೆ ಹಾಗೇ ಬಕೆಟ್ಟಿಗೆ ಹಾಕಿ ಒಳಗೆ ಬಂದಳು. ಅವತ್ತು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಮುದ್ದೆ ಬಡಿಸಿ, ಸಾರಿನ ಪಾತ್ರೆಯನ್ನು ಕೈಯಲ್ಲಿ ಹಿಡಿದು ನಿಂತಳು. ಬಡಿಸಲಿಲ್ಲ.

“ಕೆ.ಆರ್. ಪ್ಯಾಟೇಲಿ ಆದ್ದು ಸಾಕಾಗ್ಲಿಲ್ವಾ ನಿಮ್ಗೆ?”

“ಏಳ್ತೀನಿ ಅಂತಿದ್ದೆ ಕಣೆ. ಸಾವಿತ್ರಿ ಇಂಗಿರುವಾಗ ಯಾಕೆ ಅಂತ.”

“ಇಂಗಿರುವಾಗ್ಲೇ ಏಳ್ಬೇಕಾದ್ದು. ಯಾವಾಗ ಬುಡ್ಬೇಕಂತೆ?”

ಅಪ್ಪನಿಗೆ ಅದು ಗೊತ್ತಿರಲಿಲ್ಲ. ಬೇಗ ಅಂದವಳೆ ಅಂದ. ಬೇಗ ಅಂದರೆ ಈ ವಾರವೋ, ಈ ತಿಂಗಳೋ, ಹೆರಿಗೆಯ ಮುಂಚೆಯೋ ಆಮೇಲೋ, ಅವನು ಕೇಳಿರಲಿಲ್ಲ. ಗೋಡೆಯಾಚೆ ಅವರೂ ಕೇಳುತ್ತಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಅವ್ವ ಸಾರು ಬಡಿಸಿದಳು. ಆಮೇಲೆ ಕೈ ಒರೆಸಿಕೊಂಡು ನೇರ ಮುಂದಿನ ಮನೆಗೆ ಹೋದಳು. ನಾನು ಹಿಂದೆಯೇ ಹೋದೆ.

“ನಿಂಗಮ್ಮೋರೆ, ಮನೆ ನಿಮ್ದು. ಬುಡಿ ಅಂದ್ರೆ ಬುಡ್ತೀವಿ. ಆದ್ರೆ ಬರ್ದು ಕೊಡಿ.”

“ಏನ್ ಬರ್ಯೋದು?”

“ಯಾಕ್ ಬೇಕು, ಯಾವ್ ದಿನಕ್ ಬೇಕು, ಅಷ್ಟೇಯ. ಸರ್ಕಾರ್ದೋರು ಇವ್ರನ್ನ ವರ್ಗ ಮಾಡುವಾಗ ಬರ್ದು ಕಳುಸ್ತಾರೆ. ಸಂತೇಲಿ ಸಿಕ್ಕುದ್ರೆ ಏಳೋದಿಲ್ಲ.”

ನಿಂಗಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಅವಳ ಮುಖ ಅಷ್ಟು ಬಿಗಿದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಇಷ್ಟ್ ದಿನ ಒಂದೇ ನಲ್ಲೀಲಿ ನೀರಿಡ್ದಿವಿ. ನನ್ ಬಾಯ್ಮಾತು ಸಾಲ್ದು ಅಂತೀಯಲ್ಲ ಗೌರವ್ವ. ಏನ್ ನಾನು ನಿಮ್ಮ ಬೀದಿಗೆ ಆಕ್ಬುಡ್ತೀನಾ?”

“ಒಬ್ರು ಆಕವ್ರೆ. ಅದಕ್ಕೇ ಕೇಳ್ತಿವ್ನಿ” ಎಂದಳು ಅವ್ವ.

ಅಲ್ಲಿಂದಾಚೆ ಗೋಡೆಯ ಮೇಲಿನಿಂದ ಮಾತು ನಿಂತಿತು. ಖಾರವೂ ಬರಲಿಲ್ಲ, ಪಲ್ಯವೂ ಹೋಗಲಿಲ್ಲ. ನಲ್ಲಿಯ ಹತ್ತಿರ ಒಬ್ಬರು ಇದ್ದರೆ ಇನ್ನೊಬ್ಬರು ಕೊಡ ಇಟ್ಟು ವಾಪಸ್ಸು ಹೋಗುತ್ತಿದ್ದರು. ಎರಡೂ ಮನೆಯಲ್ಲಿ ಎಲ್ಲರೂ ಪಿಸುಮಾತಿನಲ್ಲಿ ಬದುಕಿದೆವು. ಅದು ಜಗಳಕ್ಕಿಂತ ಸುಸ್ತು ಮಾಡುತ್ತಿತ್ತು. ಅವ್ವ ಕೇಳಿದ್ದು ತಪ್ಪೇ ಎಂದು ನಾನು ಅಕ್ಕನನ್ನು ಕೇಳಿದರೆ, ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನ್ನನ್ನು ಏನೂ ಕೇಳಬೇಡ ಎಂದಳು.

ಕೊನೆಗೆ ನಿಂಗಮ್ಮನೇ ನಮ್ಮ ಬಾಗಿಲಿಗೆ ಬಂದಳು. ಹೊಸಿಲು ದಾಟಲಿಲ್ಲ. ಅವ್ವನನ್ನು ನೋಡದೆ, ಬಾಗಿಲ ಚೌಕಟ್ಟನ್ನು ನೋಡಿಕೊಂಡು ಹೇಳಿದಳು.

“ನಿನ್ ಮಗಳ್ನ ಕಳ್ಸು. ತಾಲ್ಲೂಕಾಫೀಸ್ ತಾವ ಅರ್ಜಿ ಬರ್ಕೊಡೋನು ಒಬ್ಬ ಅವ್ನೆ. ಅವನ್ ತಾವೋದ್ರೆ ಜಯ ಬಂದಿರೋದು ಇಡೀ ಪ್ಯಾಟೆಗೆ ಗೊತ್ತಾಯ್ತದೆ. ನಂಗೆ ಬರ್ಕೊಡೋರು ಇನ್ಯಾರವ್ರೆ?”

ಅವ್ವ ನನ್ನ ಕಡೆ ತಿರುಗಿ, “ಓಗು ಮಂಜಿ” ಎಂದಳು.

ನಮ್ಮ ಮನೆ ಖಾಲಿ ಮಾಡಿಸುವ ಕಾಗದವನ್ನು ನಾನೇ ಬರೆಯಲು ಕೂತೆ. ಶಾಲೆಯಲ್ಲಿ ರಜಾ ಅರ್ಜಿ ಬರೆದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಹಾಳೆಯ ಕೆಳಗೆ ಮೊರ ಇಟ್ಟುಕೊಂಡೆ. ಇವರಿಂದ, ನಿಂಗಮ್ಮ. ಇವರಿಗೆ ಎಂದು ಬರೆದು ಅಪ್ಪನ ಹೆಸರು ಬರೆಯುವಾಗ ಕೈ ಒಂದು ಗಳಿಗೆ ನಿಂತಿತು. ಆಗ ಗೋಡೆಯ ಮೇಲಿನಿಂದ ಅವ್ವನ ಧ್ವನಿ ಬಂತು.

“ಮ್ಯಾಲೆ ತಾರೀಕು ಆಕು. ಬರೀ ಮನೆ ಅಂತ ಬರೀಬ್ಯಾಡ. ಹಿಂದ್ಲ ಮನೆ ಅಂತ ಬರಿ.”

ನಿಂಗಮ್ಮ ತಲೆಯೆತ್ತಿ ಗೋಡೆಯನ್ನು ನೋಡಿದಳು. ಬಹಳ ದಿನದ ಮೇಲೆ ಅವರಿಬ್ಬರ ನಡುವೆ ಮಾತು ಶುರುವಾದದ್ದು ಹೀಗೆ, ಗೋಡೆಯ ಆಚೆ ಈಚೆ ನಿಂತು, ನನ್ನ ಹಾಳೆಯ ನೆಪದಲ್ಲಿ.

“ಈ ತಿಂಗ್ಳು ಕೊನೆಗೆ ಅಂತ ಬರಿ ಮಗ” ಎಂದಳು ನಿಂಗಮ್ಮ.

“ಈ ತಿಂಗ್ಳಾಗಲ್ಲ” ಎಂದಿತು ಗೋಡೆ. “ಹೆರ್ಗೆನೇ ಆಗಿರಾಕಿಲ್ಲ. ಪೂರಾ ಒಂದ್ ತಿಂಗ್ಳು ಮುಂಚೆ ಏಳೋದು ರೂಢಿ. ಬರೋ ತಿಂಗ್ಳ ಕೊನೇ ದಿನಕ್ಕೆ ಬರಿ.”

“ಅಲ್ಲೀಗಂಟ ನನ್ ಮೊಮ್ಮಕ್ಳು ಬಾಗ್ಲಲ್ಲಿ ಮಲ್ಗ್ಬೇಕಾ?”

ಅವ್ವನ ಧ್ವನಿ ಮೆತ್ತಗಾಯಿತು.

“ಮಕ್ಳಿಬ್ರೂ ನಮ್ ಹಜಾರದಲ್ಲಿ ಮಲ್ಗ್ಲಿ. ಮಂಜಿ ಜೊತೆ.”

ಬರೋ ತಿಂಗಳು ಎಂದೇ ಬರಿ ಎಂದಳು ನಿಂಗಮ್ಮ. ಬರೆದೆ. ಇನ್ನು ಕಾರಣ. ಏನು ಬರೆಯಲಿ ಅಜ್ಜಿ ಎಂದೆ.

“ನಮ್ಗೆ ಬೇಕು ಅಂತ ಬರಿ. ಅವ್ಳು ಬಂದವ್ಳೆ ಅಂತ ಬರೀಬ್ಯಾಡ. ಇವತ್ತು ಬಂದೋಳು ನಾಳಿಕ್ಕೆ ಓಗ್ಬೋದು. ಕಾಗ್ದದ ಮ್ಯಾಲೆ ಯಾಕೆ?”

ಒಳಗಿನ ಕೋಣೆಯಲ್ಲಿ ಜಯಮ್ಮ ಚಿಕ್ಕ ಮಗಳ ತಲೆ ಬಾಚುತ್ತಿದ್ದಳು. ಬಾಚಣಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದಳು. ಬಂದಾಗಿನಿಂದ ಅವಳ ಧ್ವನಿಯನ್ನು ನಾವು ಸರಿಯಾಗಿ ಕೇಳಿದ್ದು ಅವತ್ತೇ.

“ನನ್ನೆಸ್ರು ಬರಿ ಮಂಜು. ನಾನು ನಾಳಿಕ್ಕೂ ಓಗಾಕಿಲ್ಲ, ಬರೋ ವರ್ಸಕ್ಕೂ ಓಗಾಕಿಲ್ಲ.”

“ಸುಮ್ಕಿರು ಜಯ” ಎಂದಳು ನಿಂಗಮ್ಮ.

“ಸುಮ್ಕಿದ್ದುದ್ದಕ್ಕೇ ಕಿವಿ ಓಯ್ತು ಕಣವ್ವ.”

ಜಯಮ್ಮ ನನ್ನ ಎದುರಿಗೇ ನಿಂತಿದ್ದಳು. ಕೊನೆಗೆ ನಿಂಗಮ್ಮ ನನ್ನ ಕಡೆ ಕೈ ಬೀಸಿದಳು, ಬರೆ ಎನ್ನುವ ಹಾಗೆ. ನಾನು ಬರೆದೆ. ನನ್ನ ಮಗಳು ಜಯಮ್ಮ ಮತ್ತು ಅವಳ ಮಕ್ಕಳು ಇನ್ನು ಮುಂದೆ ಕಾಯಮ್ಮಾಗಿ ಈ ಮನೆಯಲ್ಲಿ ವಾಸ ಮಾಡುವುದರಿಂದ. ಕಾಯಮ್ಮಾಗಿ ಎನ್ನುವ ಪದ ನನಗೆ ಹೇಗೆ ಹೊಳೆಯಿತೋ ತಿಳಿಯದು. ಅಪ್ಪ ತನ್ನ ಕೆಲಸ ಕಾಯಮ್ಮಾದದ್ದನ್ನು ಪದೇ ಪದೇ ಹೇಳುತ್ತಿದ್ದ, ಅಲ್ಲಿಂದ ಬಂದಿರಬೇಕು. ಜಯಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು, ಬಲಗಿವಿ ತಿರುಗಿಸಿ. ನಂತರ ಒಳಗೆ ಹೋಗಿ ಮಗಳ ಜಡೆ ಮುಗಿಸಿದಳು.

ಎರಡು ಪ್ರತಿ ಬರೆಯಿಸಿದಳು ಅವ್ವ. ಅಪ್ಪ ಸಂಜೆ ಇಂಕಿನ ಪ್ಯಾಡು ತಂದ. ನಿಂಗಮ್ಮ ಎರಡಕ್ಕೂ ಹೆಬ್ಬೆಟ್ಟು ಒತ್ತಿದಳು, ಅಪ್ಪ ತಲುಪಿತು ಎಂದು ಸಹಿ ಹಾಕಿದ. ಒಂದು ಅವರಲ್ಲಿ, ಒಂದು ನಮ್ಮಲ್ಲಿ. ಅವತ್ತಿನಿಂದ ಜಯಮ್ಮನ ಮಕ್ಕಳು ನನ್ನ ಮಗ್ಗುಲಲ್ಲಿ ಮಲಗಿದರು. ಚಿಕ್ಕದು ನಿದ್ದೆಯಲ್ಲಿ ಒದೆಯುತ್ತಿತ್ತು.

ಅಕ್ಕನಿಗೆ ಹೆಣ್ಣು ಮಗುವಾಯಿತು. ಆಸ್ಪತ್ರೆಯಿಂದ ಕರೆತಂದ ಮೇಲೆ ಮನೆಯಲ್ಲಿ ಬೆಳ್ಳುಳ್ಳಿ, ಮೆಣಸು, ಸಾಂಬ್ರಾಣಿ ಬಿಟ್ಟರೆ ಬೇರೆ ವಾಸನೆಯೇ ಇರಲಿಲ್ಲ. ಬಾಣಂತಿಗೆ ಹಂಡೆ ಹಂಡೆ ನೀರು ಕಾಯಬೇಕಲ್ಲ, ಬಚ್ಚಲ ಒಲೆ ಆರುತ್ತಿರಲಿಲ್ಲ. ತೆಂಗಿನ ಗರಿ, ಮಟ್ಟೆ ಎಲ್ಲ ನಿಂಗಮ್ಮನ ಹಿತ್ತಲಿನದು. ಉರಿಸಿ ಎಂದು ಅವಳು ಹೇಳಲಿಲ್ಲ, ಬಚ್ಚಲ ಬಾಗಿಲಲ್ಲಿ ತಂದು ಹಾಕಿ ಹೋಗುತ್ತಿದ್ದಳು.

ಅಂಥ ಒಂದು ದಿನ ಬೆಳಿಗ್ಗೆ, ಅವ್ವ ಬಚ್ಚಲಲ್ಲಿ ಅಕ್ಕನಿಗೆ ನೀರು ಹೊಯ್ಯುತ್ತಿದ್ದಾಗ, ಬೀದಿಯಲ್ಲಿ ಟ್ರಾಕ್ಟರು ಬಂದು ನಿಂತಿತು. ಹಿಂದೆ ಖಾಲಿ ಟ್ರೈಲರು. ಕಿರಂಗೂರಿನಿಂದ ಪುಟ್ಟರಾಜು ಬಂದಿದ್ದ. ಅಪ್ಪ ಕೆಲಸಕ್ಕೆ ಹೋಗಿದ್ದ. ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಜಾರದಲ್ಲಿ ಕೂತಿದ್ದೆ. ಅವನು ಹಿತ್ತಲ ಕಡೆಯಿಂದ ನೇರ ನಮ್ಮ ಬಾಗಿಲಿಗೆ ಬಂದು ಸಾಮಾನಿನ ಮೇಲೆಲ್ಲ ಕಣ್ಣಾಡಿಸಿದ.

“ನಿಮ್ಮಪ್ಪ ಎಲ್ಲಮ್ಮಿ? ಇವತ್ತೇ ಮನೆ ಬುಡ್ಬೇಕು. ನಮ್ ಭಾಮೈದ ಇಲ್ಲಿ ಅಂಗ್ಡಿ ಮಡುಗ್ತಾವ್ನೆ, ಅವ್ನಿಗೆ ಮನೆ ಬೇಕು. ಟ್ರಾಕ್ಟರು ತಂದಿವ್ನಿ. ನಿಮ್ ಸಾಮಾನು ಎಲ್ಲಿಗ್ ಬೇಕೋ ಅಲ್ಲಿಗೆ ಇಳುಸ್ಕೊಡ್ತೀನಿ. ಅಂಗೇ ಜಯನ್ನೂ ಅವ್ಳ ಗಂಡನ ಮನೆಗೆ ಬುಟ್ಬತ್ತೀನಿ.”

ಅವನು ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಒಂದು ಕೆಲಸ ಒಪ್ಪಿಕೊಂಡವನು, ಮಧ್ಯಾಹ್ನದೊಳಗೆ ಮುಗಿಸಿ ಹೋಗಬೇಕು ಎನ್ನುವವನಂತೆ ಇದ್ದ. ನನಗೆ ಕೆ.ಆರ್. ಪೇಟೆಯ ಗಲ್ಲಿ ಕಣ್ಣಿಗೆ ಕಟ್ಟಿತು. ಮಗುವನ್ನು ಬಿಗಿಯಾಗಿ ಹಿಡಿದುಕೊಂಡೆ, ಅದು ಅಳಲು ಶುರುಮಾಡಿತು. ಅಷ್ಟರಲ್ಲಿ ನಿಂಗಮ್ಮ ಬಂದಳು. ಹಿಂದೆ ಜಯಮ್ಮ. ನಿಂಗಮ್ಮನ ಕೈಯಲ್ಲಿ ನಾನು ಬರೆದ ಹಾಳೆಯಿತ್ತು.

“ತಗೋ, ಓದ್ಲಾ” ಎಂದಳು.

ಅವನು ತೆಗೆದುಕೊಂಡು ಕಣ್ಣಾಡಿಸತೊಡಗಿದ.

“ಗಟ್ಟಿಯಾಗೋದು. ನಿನ್ ತಂಗಿಗೆ ಒಂದ್ ಕಿವಿ ಕೇಳಾಕಿಲ್ಲ.”

ಅವನು ತಂಗಿಯ ಕಡೆ ನೋಡಿದ. ಅವನಿಗೆ ಆ ವಿಷಯ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಗಟ್ಟಿಯಾಗಿ ಓದಿದ. ನನ್ನ ಅಕ್ಷರವನ್ನು ಅಷ್ಟು ದೊಡ್ಡ ಗಂಡಸಿನ ಬಾಯಲ್ಲಿ ಕೇಳುವುದು ವಿಚಿತ್ರವಾಗಿತ್ತು. ನನ್ನ ಮಗಳು ಜಯಮ್ಮ ಎನ್ನುವಲ್ಲಿಗೆ ಬಂದು ನಿಲ್ಲಿಸಿದ.

“ಮುಂದಕ್ಕೋದು.”

ಓದಿದ. ಕಾಯಮ್ಮಾಗಿ ಎನ್ನುವಾಗ ಧ್ವನಿ ಇಳಿಯಿತು.

“ಯಾರ್ನ್ ಕೇಳಿ ಬರ್ಸುದೆ ಇದ?”

“ಮನೆ ಯಾರೆಸ್ರಲ್ಲದೆ?”

“ನಿನ್ನೆಸ್ರಲ್ಲೇ.”

“ಹೆಬ್ಬೆಟ್ಟು ನಂದೇಯ. ಆ ತಾರೀಕಿನ್ಗಂಟ ಮನೆ ಇವ್ರುದು. ಬಾಣಂತಿ ಮೈಯಿಂದ ಇನ್ನೂ ನೀರಿಳೀತಾ ಅದೆ, ಸಾಮಾನೆತ್ತಿಸ್ತೀನಿ ಅಂತೀಯಲ್ಲ. ಆಮ್ಯಾಕೆ ಮನೆ ಇವ್ಳುದು. ನಿನ್ ಭಾಮೈದನಿಗೆ ಬೇರೆ ಕಡೆ ನೋಡು.”

“ಗಂಡ ಬಂದು ಕೇಳುದ್ರೆ ಏನಂತೀಯವ್ವ?”

“ಇದ್ನೇ ಓದುಸ್ತೀನಿ” ಎಂದಳು ನಿಂಗಮ್ಮ.

ಅವ್ವ ಬಚ್ಚಲಿಂದ ಅಕ್ಕನನ್ನು ಕಂಬಳಿಯಲ್ಲಿ ಸುತ್ತಿ ಕರೆತಂದು ಮಲಗಿಸಿದಳು. ಅವಳ ಸೀರೆ ಮೊಣಕಾಲವರೆಗೆ ಒದ್ದೆಯಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಾಫಿ ಮಾಡಿ ಪುಟ್ಟರಾಜುವಿಗೆ ಒಂದು ಲೋಟ ಕೊಟ್ಟಳು. ಅವನು ಅದನ್ನು ಹಿತ್ತಲಲ್ಲಿ ನಿಂತು ಕುಡಿದ. ಹೋಗುವಾಗ ಜಯಮ್ಮನ ಹತ್ತಿರ ಹೋಗಿ ಏನೋ ಹೇಳಿದ. ಅವನು ನಿಂತದ್ದು ಅವಳ ಎಡಗಡೆ. ಅವಳಿಗೆ ಕೇಳಿಸಲಿಲ್ಲ. ಬಲಕ್ಕೆ ಬಂದು ಇನ್ನೊಂದು ಸಲ ಹೇಳಿದ. ಅವಳು ತಲೆಯಾಡಿಸಿದಳು. ಖಾಲಿ ಟ್ರೈಲರಿನ ಗಡಗಡ ಸದ್ದು ಬೀದಿಯ ತಿರುವಿನವರೆಗೂ ಕೇಳಿತು.

ಇದಾದ ಮೇಲೆ ಅವ್ವನಿಗೂ ನಿಂಗಮ್ಮನಿಗೂ ಮೊದಲಿನ ಹಾಗಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆಗಲಿಲ್ಲ. ಮಾತು ಬಂತು, ಅಷ್ಟೇ. ಮನಸ್ಸಿನಲ್ಲಿ ಎಲ್ಲೋ ಅವ್ವ, ಇಷ್ಟೆಲ್ಲ ಆದ ಮೇಲೆ ನಿಂಗಮ್ಮ ಇನ್ನೂ ಸ್ವಲ್ಪ ದಿನ ಇರಿ ಎಂದಾಳು ಎಂದುಕೊಂಡಿದ್ದಳೋ ಏನೋ. ಮಗು ಇನ್ನೂ ಕುತ್ತಿಗೆ ನಿಲ್ಲಿಸಿರಲಿಲ್ಲ. ನಿಂಗಮ್ಮ ಹಾಗೆ ಹೇಳಲಿಲ್ಲ. ಅವ್ವ ಕೇಳಲೂ ಇಲ್ಲ. ತಾನೇ ತಾರೀಕು ಬರೆಸಿಕೊಂಡವಳಿಗೆ ಕೇಳುವ ದಾರಿ ಇರಲಿಲ್ಲ. ಅಪ್ಪ ಆಸ್ಪತ್ರೆ ಮುಗಿಸಿಕೊಂಡು ಬೀದಿ ಬೀದಿ ಸುತ್ತಿದ. ಬಾಣಂತಿ ಅಂದರೆ ನೀರು ಜಾಸ್ತಿ ಖರ್ಚು ಎಂದು ಹಲವರು ಆಗಲ್ಲ ಅಂದರು. ಕೊನೆಗೆ ಬಸ್‌ಸ್ಟ್ಯಾಂಡಿನ ಆಚೆ ಒಂದು ಮನೆ ಸಿಕ್ಕಿತು. ಶೀಟಿನ ಮನೆ, ಕಿಟಕಿ ಒಂದೇ. ಬೆಂಗಳೂರಿನ ಬಸ್ಸುಗಳ ಹಾರ್ನು ಮಗುವನ್ನು ಎಬ್ಬಿಸುತ್ತದೆ ಎಂದು ಅಕ್ಕ ಹೇಳಿದಳು. ಅಪ್ಪ, ಬೇರೆ ಇಲ್ಲ ಕಣವ್ವ ಎಂದ.

ಕಾಗದದಲ್ಲಿದ್ದ ದಿನವೇ ಬಿಟ್ಟೆವು. ಅವ್ವ ಬೆಳಿಗ್ಗೆಯೇ ಎದ್ದು ಹಿಂದಿನ ಮನೆಯ ನೆಲವನ್ನೆಲ್ಲ ತೊಳೆದು, ಒಲೆ ಸಾರಿಸಿ, ಗೋಡೆಯ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಬೇಡ ಬಿಡವ್ವ ಎಂದು ಜಯಮ್ಮ ಅಂದರೂ ಕೇಳಲಿಲ್ಲ. ಸಾಮಾನು ಗೂಡ್ಸ್ ಆಟೋದಲ್ಲಿ ಮುಂದೆ ಹೋಯಿತು. ನಾವು ಇನ್ನೊಂದು ಆಟೋದಲ್ಲಿ, ಅಕ್ಕನ ಕಿವಿಗೆ ಬಟ್ಟೆ ಕಟ್ಟಿ, ಮಗುವನ್ನು ಮಡಿಲಲ್ಲಿ ಮುಚ್ಚಿಕೊಂಡು. ನಿಂಗಮ್ಮ ಜಗಲಿಯ ಮೇಲೆ ನಿಂತಿದ್ದಳು. ಅವ್ವ ಬೀಗದ ಕೈ ಅವಳ ಕೈಗೆ ಕೊಟ್ಟಳು. ನಿಂಗಮ್ಮ ಅವ್ವನ ಮಡಿಲಿಗೆ ಎರಡು ತೆಂಗಿನಕಾಯಿ ಹಾಕಿದಳು. ನಾವಿನ್ನೂ ಆಟೋ ಹತ್ತುತ್ತಿರುವಾಗಲೇ ಜಯಮ್ಮನ ಮಕ್ಕಳು ಹಿಂದಿನ ಮನೆಯೊಳಗೆ ಓಡಾಡುವ ಸದ್ದು ಕೇಳಿತು. ಖಾಲಿ ಹಜಾರದಲ್ಲಿ ಕೂಗಿದರೆ ದನಿ ವಾಪಸ್ಸು ಬರುತ್ತದೆ ಎಂದು ಅವು ಕಂಡುಹಿಡಿದಿದ್ದವು.

ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಿತ್ತು. ಬಾಡಿಗೆ ಮನೆಯಾದರೂ ಅವ್ವ ಅದನ್ನು ಬಿಟ್ಟವಳಲ್ಲ. ಹಾಲು ಯಾವ ದಿಕ್ಕಿಗೆ ಉಕ್ಕಿತೆಂದು ನೋಡಿ ಆ ಮನೆ ಹೇಗಿರುತ್ತದೆ ಎಂದು ಹೇಳುತ್ತಿದ್ದಳು. ಅಪ್ಪ ಹಾಲು ತಂದ. ನಾನು ಸ್ಟೋವು ಹುಡುಕಿ ಹೊತ್ತಿಸಿದೆ. ಕರೆಯೋಣವೆಂದು ಹಜಾರಕ್ಕೆ ಬಂದರೆ ಅವ್ವ ಹಾಸಿಗೆ ಸುರುಳಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಮೊಳೆ ಕಿತ್ತ ಕೈ ಅಂಗಾತ ಬಿದ್ದಿತ್ತು. ಹೊರಗೆ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು, ಮಗು ಅಳುತ್ತಿತ್ತು, ಅವಳಿಗೆ ಎಚ್ಚರವಾಗಲಿಲ್ಲ. ಅವ್ವ ಹಗಲು ಮಲಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಎಬ್ಬಿಸಲೇ ಎಂದು ಅಪ್ಪನನ್ನು ಕೇಳಿದೆ.

“ಮನೀಕ್ಕಳ್ಳಿ ಬುಡು” ಎಂದ.

ಅಪ್ಪನೂ ನಾನೂ ಸ್ಟೋವಿನ ಎದುರು ಕುಕ್ಕರಗಾಲಲ್ಲಿ ಕೂತೆವು. ಹಾಲು ಉಕ್ಕಿತು. ಯಾವ ಕಡೆಗೆ ಉಕ್ಕಿತೆಂದು ನಾವಿಬ್ಬರೂ ನೋಡಲಿಲ್ಲ.